ನೆಲ ಕಾಯಿಸಲು ಪ್ರೊಪೇನ್ ವಾಟರ್ ಹೀಟರ್ ಸಾಕೇ, ಬಾಯ್ಲರೇ ಬೇಕೇ?

ಸಾಗರದವನು · ಆಗಸ್ಟ್ 14

ವರ್ಮಾಂಟ್‌ನ (ಅಮೆರಿಕ) ನಡುಭಾಗದಲ್ಲಿ ಗುಡ್ಡದ ಮೇಲೊಂದು ಹಳೆಯ ಮನೆ ಕೊಂಡಿದ್ದೇವೆ. 1,600 ಚದರ ಅಡಿ, ಒಂದೇ ಅಂತಸ್ತು, ನೆಲಮಾಳಿಗೆ ಇಲ್ಲ. ಹಿಂದಿನ ಮಾಲೀಕರು ಕಾಂಕ್ರೀಟ್ ಹಾಸಿನೊಳಗೇ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪುಗಳನ್ನು ಹೂತಿದ್ದಾರೆ. ಆರು ಸುತ್ತು, ಒಂದೊಂದೂ 270 ಅಡಿಯ ಆಸುಪಾಸು. ಅದರಲ್ಲಿ ಬಿಸಿನೀರು ಹರಿದರೆ ನೆಲ ಕಾಯುತ್ತದೆ, ನೆಲದಿಂದ ಮನೆ ಕಾಯುತ್ತದೆ. ಆದರೆ ಆ ನೀರನ್ನು ಕಾಯಿಸುತ್ತಿದ್ದ ಎಣ್ಣೆಯ ಬಾಯ್ಲರ್ ಏಪ್ರಿಲ್‌ನಲ್ಲಿ ಪ್ರಾಣ ಬಿಟ್ಟಿದೆ.

ನಮ್ಮ ರಸ್ತೆಗೆ ನೈಸರ್ಗಿಕ ಅನಿಲದ ಕೊಳವೆ ಬಂದಿಲ್ಲ. ಹಿತ್ತಲಿನಲ್ಲಿ ಪ್ರೊಪೇನ್ ಟ್ಯಾಂಕ್ ಇದೆ, ಸದ್ಯಕ್ಕೆ ಅಡುಗೆ ಒಲೆಗೆ ಮಾತ್ರ. ಪ್ರೊಪೇನ್ ಬಾಯ್ಲರ್ ಕೂರಿಸಲು ಕೂಲಿ ಸೇರಿಸಿ 14,000 ಡಾಲರ್ ಎಂದು ಗುತ್ತಿಗೆದಾರರು ಚೀಟಿ ಬರೆದುಕೊಟ್ಟರು. ಅಂಗಡಿಯಲ್ಲಿ ನೋಡಿದರೆ 1,99,000 ಬಿಟಿಯುವಿನ (ಗಂಟೆಗೆ ಎಷ್ಟು ಶಾಖ ಎಂಬ ಅಳತೆ), ನೀರನ್ನು ಹರಿಯುವಾಗಲೇ ಕಾಯಿಸುವ ಟ್ಯಾಂಕ್‌ಲೆಸ್ ವಾಟರ್ ಹೀಟರ್ 1,300 ಡಾಲರಿಗೆ ಸಿಗುತ್ತದೆ. ಎರಡೂ ಮಾಡುವುದು ನೀರು ಕಾಯಿಸುವ ಕೆಲಸವನ್ನೇ ಅಲ್ಲವೇ? ಸ್ನಾನಕ್ಕೂ ನೆಲಕ್ಕೂ ಅದೊಂದನ್ನೇ ಹಾಕಿದರೆ ಏನು ತಪ್ಪು?

ನವೆಂಬರ್‌ನಲ್ಲಿ ಅಮ್ಮ ಸಾಗರದಿಂದ ಬರುತ್ತಾರೆ, ಮಂಡಿನೋವಿದೆ. ಅಷ್ಟರೊಳಗೆ ನೆಲ ಬೆಚ್ಚಗಾಗಲೇಬೇಕು.

ಅರ್ಧರಾತ್ರಿ ರಿಪೇರಿ · ಆಗಸ್ಟ್ 14

ಧಾರಾಳವಾಗಿ ಹಾಕಿ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನನ್ನ ಮನೆಯ ನೆಲ ಎಂಟು ಚಳಿಗಾಲಗಳಿಂದ ಇಂಥದೇ ಹೀಟರಿನ ಮೇಲೆ ನಡೆಯುತ್ತಿದೆ. ಒಮ್ಮೆ ಹರಿವಿನ ಸೆನ್ಸರ್ ಬದಲಿಸಿದ್ದೇನೆ, ವರ್ಷಕ್ಕೊಮ್ಮೆ ವಿನಿಗರ್ ಹರಿಸಿ ಸುಣ್ಣ ತೊಳೆಯುತ್ತೇನೆ. ಬೇರೆ ಖರ್ಚಿಲ್ಲ. ‘ಹಾಗೆ ಮಾಡಬಾರದು’ ಎಂದು ಹೇಳಿದವರಲ್ಲಿ ಹೆಚ್ಚಿನವರು ಬಾಯ್ಲರ್ ಮಾರುವವರು.

ಹಳೆಯ ಪೈಪು · ಆಗಸ್ಟ್ 15

ನಾನು ಬಾಯ್ಲರ್ ಮಾರುವವನಲ್ಲ. ಮಿನ್ನೆಸೋಟದಲ್ಲಿ ಮೂವತ್ತು ವರ್ಷ ಅವುಗಳನ್ನು ರಿಪೇರಿ ಮಾಡಿದವನು. ಅದಕ್ಕೇ ಮಾತು ಸ್ವಲ್ಪ ಉದ್ದವಾಗುತ್ತದೆ.

ಯಂತ್ರದ ಬೆಲೆ ಆಮೇಲೆ ನೋಡೋಣ, ಮೊದಲು ಮನೆ ಎಷ್ಟು ಶಾಖ ಸೋರುತ್ತದೆ ಎಂದು ಕೇಳಿಕೊಳ್ಳಿ. ನಿಮ್ಮ ಕಡೆ ವಿನ್ಯಾಸಕ್ಕೆ ಹಿಡಿಯುವ ಚಳಿ ಸುಮಾರು ಮೈನಸ್ 10 ಫ್ಯಾರನ್‌ಹೀಟ್, ಅಂದರೆ ಮೈನಸ್ 23 ಸೆಲ್ಸಿಯಸ್. ಒಳಗೆ 70 ಬೇಕು, ವ್ಯತ್ಯಾಸ 80 ಡಿಗ್ರಿ. ಗೋಡೆ, ಕಿಟಕಿ ಸುಮಾರಾಗಿದ್ದರೆ ಚದರ ಅಡಿಗೆ ಗಂಟೆಗೆ 20 ಬಿಟಿಯು ಎಂದಿಟ್ಟುಕೊಳ್ಳಿ. ಒಟ್ಟು 32,000. ನೀವು ಕೊಳ್ಳಹೊರಟಿರುವುದು 1,99,000ದ ಯಂತ್ರ. ಇದು ವರ್ಷದ ಅತಿ ಕೆಟ್ಟ ರಾತ್ರಿಯ ಲೆಕ್ಕ. ಅಕ್ಟೋಬರ್‌ನಲ್ಲಿ ಹೊರಗೆ 45 ಫ್ಯಾರನ್‌ಹೀಟ್ ಇದ್ದಾಗ ನಿಮ್ಮ ಮನೆಗೆ ಬೇಕಾಗುವುದು 10,000. ಮಲಗುವ ಕೋಣೆಯ ಥರ್ಮೋಸ್ಟಾಟ್ ಒಂದೇ ಶಾಖ ಕೇಳಿದರೆ 3,000 ಸಾಕು. ಈ ಹೀಟರುಗಳು ಉರಿಯನ್ನು ತಗ್ಗಿಸಬಲ್ಲವು, ಆದರೆ 15ರಿಂದ 20 ಸಾವಿರಕ್ಕಿಂತ ಕೆಳಗೆ ಇಳಿಯಲಾರವು. ಆಗ ಹೊತ್ತಿಕೊಂಡು, ನೀರು ಬೇಗ ಬಿಸಿಯಾಗಿ ಆರಿ, ಮತ್ತೆ ಹೊತ್ತಿಕೊಂಡು, ದಿನಕ್ಕೆ ನೂರಾರು ಬಾರಿ ಹೀಗೆ ನಡೆಯುತ್ತದೆ. ಕಿಡಿ ಹಾರಿಸುವ ಕಡ್ಡಿ, ಅನಿಲದ ವಾಲ್ವ್, ಫ್ಯಾನ್ ಎಲ್ಲವೂ ಸವೆಯುತ್ತವೆ. ಬಾಣಂತಿಗೆ ಅನ್ನ ಮಾಡಲು ಮದುವೆಮನೆಯ ಕೊಪ್ಪರಿಗೆ ಏರಿಸಿದ ಹಾಗೆ.

ಎರಡನೆಯದು ಹರಿವು. ಸ್ನಾನದ ಹೀಟರಿಗೆ ಬರುವುದು ಕೊರೆಯುವ ನೀರು. ಅದನ್ನು 70 ಡಿಗ್ರಿ ಫ್ಯಾರನ್‌ಹೀಟ್ ಏರಿಸುವುದು ಅದರ ಹುಟ್ಟುಗುಣ. ನೆಲದ ನೀರು ಹಾಗಲ್ಲ. ಹೋಗುವಾಗ 105 ಇದ್ದದ್ದು ಮರಳುವಾಗ 87 ಆಗಿರುತ್ತದೆ, ಏರಿಸಬೇಕಾದ್ದು 18 ಡಿಗ್ರಿ ಮಾತ್ರ. ನಿಮಿಷಕ್ಕೆ ಎಷ್ಟು ಗ್ಯಾಲನ್ ಎಂಬುದನ್ನು ಆ ವ್ಯತ್ಯಾಸದಿಂದ ಗುಣಿಸಿ, ಮತ್ತೆ 500ರಿಂದ ಗುಣಿಸಿದರೆ ಬಿಟಿಯು ಬರುತ್ತದೆ. 32,000ಕ್ಕೆ 3.6 ಗ್ಯಾಲನ್ ಬೇಕು. ಅಷ್ಟನ್ನು ಹೀಟರಿನೊಳಗಿನ ಸಣ್ಣ ಕೊಳವೆಗಳ ಮೂಲಕ ತಳ್ಳಬೇಕು. ಊರ ನಲ್ಲಿಯ ಒತ್ತಡ ನಂಬಿ ಮಾಡಿದ ಕೊಳವೆಗಳು ಅವು. ನೀರು ಸುತ್ತಿಸುವ ಮಾಮೂಲು ಸರ್ಕ್ಯುಲೇಟರ್ ಪಂಪ್ 10–15 ಅಡಿ ಎತ್ತರಕ್ಕೆ ನೀರು ತಳ್ಳುವಷ್ಟು ಒತ್ತಡದ ಹೆಡ್‌ಗೆ ಸುಸ್ತಾಗುತ್ತದೆ. ಹೀಟರಿಗೊಂದು, ನೆಲಕ್ಕೊಂದು ಎಂದು ಎರಡು ಪಂಪ್ ಬೇಕಾಗಬಹುದು.

ಇನ್ನು ವಾರಂಟಿ. ಕೊಳ್ಳುವ ಮುಂಚೆ ಆ ಕಾಗದವನ್ನು ಕೊನೆಯ ಸಾಲಿನವರೆಗೂ ಓದಿ. ಮನೆ ಕಾಯಿಸಲು ಬಳಸಿದರೆ ಅವಧಿ ಕಡಿತ ಎಂದೋ, ವಾರಂಟಿಯೇ ಇಲ್ಲ ಎಂದೋ ಹಲವರು ಬರೆದಿರುತ್ತಾರೆ.

ಅರ್ಧರಾತ್ರಿ ರಿಪೇರಿ · ಆಗಸ್ಟ್ 15

ಹಾಗಾದರೆ ನನ್ನದು ಎಂಟು ವರ್ಷ ಹೇಗೆ ಬಾಳಿತು? ಲೆಕ್ಕ ಬೇಡ, ಯಂತ್ರವೇ ಸಾಕ್ಷಿ.

ಹಳೆಯ ಪೈಪು · ಆಗಸ್ಟ್ 15

ನಿಮ್ಮ ಮನೆಗೆ ಎಷ್ಟು ಥರ್ಮೋಸ್ಟಾಟ್?

ಅರ್ಧರಾತ್ರಿ ರಿಪೇರಿ · ಆಗಸ್ಟ್ 15

ಒಂದೇ. ಎಲ್ಲ ಸುತ್ತುಗಳೂ ಒಟ್ಟಿಗೇ ತೆರೆಯುತ್ತವೆ, ಒಟ್ಟಿಗೇ ಮುಚ್ಚುತ್ತವೆ. ನಾಲ್ಕು ಅಂಗುಲದ ಕಾಂಕ್ರೀಟ್.

ಹಳೆಯ ಪೈಪು · ಆಗಸ್ಟ್ 16

ಉತ್ತರ ಅಲ್ಲೇ ಇದೆ. ಇಡೀ ಮನೆ ಒಂದೇ ವಲಯವಾದರೆ ಕಾಂಕ್ರೀಟೇ ನಿಮ್ಮ ಶಾಖದ ಕಣಜ. 1,600 ಚದರ ಅಡಿಯ ನಾಲ್ಕಂಗುಲದ ಹಾಸನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು 15,000 ಬಿಟಿಯು ಬೇಕು. ಒಮ್ಮೆ ಹೊತ್ತಿಕೊಂಡ ಉರಿ ಒಂದೆರಡು ಗಂಟೆ ಆರುವುದಿಲ್ಲ. ಹಾಗಾಗಿ ನಿಮ್ಮ ಹೀಟರ್ ಬದುಕಿದೆ. ಸಾಗರದವರ ಮನೆಯನ್ನು ಮೂರು ವಲಯವಾಗಿ ಹಂಚಿದ್ದರೆ ಆ ಅನುಭವ ಅವರಿಗೆ ಒದಗುವುದಿಲ್ಲ. ನಡುವೆ 30–40 ಗ್ಯಾಲನ್‌ನ ಬಫರ್ ಟ್ಯಾಂಕ್, ಅಂದರೆ ಬಿಸಿನೀರು ಕೂಡಿಡುವ ತೊಟ್ಟಿ, ಇಡಬೇಕಾಗುತ್ತದೆ, ಅದಕ್ಕೊಂದು ಪಂಪ್, ಒಂದು ಕಂಟ್ರೋಲರ್. 1,300 ಡಾಲರಿನ ಅಗ್ಗ ಅಲ್ಲಿಗೆ ಮುಗಿಯಿತು.

ಸಾಗರದವನು · ಆಗಸ್ಟ್ 16

ಮೂರು ವಲಯಗಳೇ ಇವೆ. ಸರಿ, ಬಫರ್ ಟ್ಯಾಂಕ್ ಇಟ್ಟೆ ಎಂದುಕೊಳ್ಳಿ. ಸ್ನಾನದ ನೀರೇ ನೆಲದಲ್ಲೂ ಸುತ್ತಿ ಬರಲಿ ಎಂಬುದು ನನ್ನ ಯೋಜನೆ. ಒಂದೇ ನೀರು, ಒಂದೇ ಯಂತ್ರ. ಅದಕ್ಕೆ ತಕರಾರಿಲ್ಲ ತಾನೇ?

ಬಿಳಿಕೋಟು · ಆಗಸ್ಟ್ 17

ನನ್ನದು ದೊಡ್ಡ ತಕರಾರು. ಪೈಪಿನ ವಿದ್ಯೆ ನನಗೆ ಗೊತ್ತಿಲ್ಲ, ಆಸ್ಪತ್ರೆಯಲ್ಲಿ ಶ್ವಾಸಕೋಶದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ 25ರಿಂದ 45 ಡಿಗ್ರಿ ಸೆಲ್ಸಿಯಸ್‌ನ ನಿಂತ ನೀರೆಂದರೆ ತವರುಮನೆ. ನಿಮ್ಮ ನೆಲದ ಪೈಪಿನಲ್ಲಿ ಇರುವುದು ಅದೇ ಉಷ್ಣಾಂಶ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೀರು ಅಲ್ಲೇ ಕೊಳೆಯುತ್ತದೆ. ಆಮೇಲೆ ಒಂದು ದಿನ ಅದೇ ನೀರು ಶವರಿನಿಂದ ಸಣ್ಣ ಹನಿಯಾಗಿ ನಿಮ್ಮ ತಾಯಿಯವರ ಉಸಿರಿಗೆ ಹೋಗುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರು ಒಬ್ಬರ ಹಿಂದೊಬ್ಬರು ನ್ಯುಮೋನಿಯಾದಿಂದ ಸತ್ತಾಗಲೇ ಈ ರೋಗಾಣು ಪತ್ತೆಯಾದದ್ದು, ಹೆಸರೂ ಆ ಸೈನಿಕ ಸಂಘದಿಂದಲೇ ಬಂತು. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಮಾಡಬೇಡಿ.

ಹಳೆಯ ಪೈಪು · ಆಗಸ್ಟ್ 17

ಸಹಿ ಹಾಕುತ್ತೇನೆ. ನೆಲದ ನೀರು ಬೇರೆ, ಸ್ನಾನದ ನೀರು ಬೇರೆ. ಒಂದೇ ಉರಿಯಿಂದ ಎರಡನ್ನೂ ಕಾಯಿಸಬೇಕಿದ್ದರೆ ನಡುವೆ ಪ್ಲೇಟ್ ಎಕ್ಸ್‌ಚೇಂಜರ್ ಇರಲಿ. ಶಾಖ ದಾಟುತ್ತದೆ, ನೀರು ದಾಟುವುದಿಲ್ಲ.

ಬೇರೆ ಮಾಡಿದರೆ ಇನ್ನೂ ಒಂದು ಲಾಭ. ಬಾವಿಯ ನೀರಿನ ಸುಣ್ಣವೂ ಆಮ್ಲಜನಕವೂ ನೆಲದ ಪೈಪಿಗೆ ದಿನವೂ ಹೊಸದಾಗಿ ಬರುವುದಿಲ್ಲ. ಒಂದು ವಿಷಯ ಪರೀಕ್ಷಿಸಿ. ನಿಮ್ಮ ಪೆಕ್ಸ್ ಪೈಪಿನ ಮೇಲೆ ಆಮ್ಲಜನಕ ತಡೆಯುವ ಪದರ ಇದೆಯೇ ಎಂಬುದು ಅಚ್ಚಾಗಿರುತ್ತದೆ, ಸುತ್ತುಗಳೆಲ್ಲ ಕವಲೊಡೆಯುವ ಮ್ಯಾನಿಫೋಲ್ಡ್ ಹತ್ತಿರ ಕಾಣುವ ತುದಿಯಲ್ಲಿ ಓದಬಹುದು. ಪದರವಿಲ್ಲದ ಪೈಪಾದರೆ ಗಾಳಿ ಗೋಡೆಯ ಮೂಲಕವೇ ಒಳಗೆ ನುಸುಳಿ ಕಬ್ಬಿಣದ ಪಂಪನ್ನು ತುಕ್ಕು ಹಿಡಿಸುತ್ತದೆ. ಆಗ ಪಂಪ್ ಕಂಚಿನದೋ ಸ್ಟೇನ್‌ಲೆಸ್‌ನದೋ ಇರಬೇಕು.

ಹಂಡೆ ಒಲೆ · ಆಗಸ್ಟ್ 18

ತೀರ್ಥಹಳ್ಳಿಯಿಂದ ಓದುತ್ತಿದ್ದೇನೆ. ನಮ್ಮಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುರುಕಿ ಹಂಡೆ ಕಾಯಿಸುತ್ತೇವೆ. ಮಳೆಗಾಲದಲ್ಲಿ ಬಚ್ಚಲಿನ ಆಚೆಗಿನ ಗೋಡೆಗೆ ಬೆನ್ನು ಕೊಟ್ಟು ಕೂರುವುದಕ್ಕೆ ಮನೆಯ ಹಿರಿಯರಲ್ಲಿ ಪೈಪೋಟಿ. ನೀವು ಅದೇ ಗೋಡೆಯನ್ನು ನೆಲವಾಗಿ ಮಲಗಿಸಿದ್ದೀರಿ. ಒಂದು ಅನುಮಾನ, ನೆಲ ಕಾಲು ಸುಡುವುದಿಲ್ಲವೇ?

ಹಳೆಯ ಪೈಪು · ಆಗಸ್ಟ್ 18

ಸುಡಬಾರದು. ನೆಲದ ಮೇಲ್ಮೈ 29 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುತ್ತಾರೆ. ಕೈಯಿಟ್ಟರೆ ಬಿಸಿ ಎನಿಸದು, ಬರಿಗಾಲಿಗೆ ತಣ್ಣಗೂ ಎನಿಸದು. ಇದು ಹೊಸ ಉಪಾಯವೂ ಅಲ್ಲ. ಕೊರಿಯಾದವರು ಒಲೆಯ ಹೊಗೆಯನ್ನೇ ನೆಲದಡಿ ಹಾಯಿಸುತ್ತಿದ್ದರು, ಅದನ್ನು ಒಂಡೊಲ್ ಎನ್ನುತ್ತಾರೆ. ಅಮೆರಿಕದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಮ್ಯಾಡಿಸನ್‌ನ ಜೇಕಬ್ಸ್ ಮನೆಯ ಹಾಸಿನಡಿ ಪೈಪು ಹಾಕಿಸಿದ. ಎರಡನೇ ಮಹಾಯುದ್ಧದ ನಂತರ ಹೊಸ ಬಡಾವಣೆಯಾದ ಲೆವಿಟೌನ್‌ನ ಸಾವಿರಾರು ಮನೆಗಳ ಕಾಂಕ್ರೀಟಿನಲ್ಲಿ ತಾಮ್ರದ ಕೊಳವೆ ಹೂತರು. ಅವು ಸೋರಿದಾಗ ನೆಲ ಅಗೆಯಬೇಕಾಯಿತು, ಈ ವಿದ್ಯೆಗೇ ಕೆಟ್ಟ ಹೆಸರು ಬಂತು. ಪೆಕ್ಸ್ ಬಂದ ಮೇಲೆ ಮರ್ಯಾದೆ ಮರಳಿತು.

ಲೆಕ್ಕದ ಮೇಷ್ಟ್ರು · ಆಗಸ್ಟ್ 19

ಎಲ್ಲರೂ ಯಂತ್ರದ ಬೆಲೆ ಮಾತನಾಡುತ್ತಿದ್ದೀರಿ, ಇಂಧನದ ಮಾತು ಯಾರೂ ಎತ್ತಿಲ್ಲ. ಒಂದು ಗ್ಯಾಲನ್ ಪ್ರೊಪೇನ್‌ನಲ್ಲಿ 91,500 ಬಿಟಿಯು. 93 ಶೇಕಡಾ ದಕ್ಷತೆಯ ಯಂತ್ರದಲ್ಲಿ ಉರಿಸಿದರೆ ನೀರಿಗೆ ದಕ್ಕುವುದು 85,000. ವರ್ಮಾಂಟ್‌ನ ಚಳಿಯನ್ನು ಡಿಗ್ರಿ–ದಿನಗಳಲ್ಲಿ (ದಿನದಿನದ ಚಳಿ ಕೂಡಿಸಿದ ವರ್ಷದ ಮೊತ್ತ) 7,000 ಎಂದು ಹಿಡಿದರೆ, ಪೈಪಿನವರ ಲೆಕ್ಕದ ಪ್ರಕಾರ ಈ ಮನೆಗೆ ವರ್ಷಕ್ಕೆ ಸುಮಾರು 790 ಗ್ಯಾಲನ್ ಬೇಕು. ಗ್ಯಾಲನ್‌ಗೆ 3 ಡಾಲರ್ ಎಂದರೂ 2,370 ಡಾಲರ್, ಪ್ರತಿವರ್ಷ.

ಅದೇ ಗ್ಯಾಲನ್ನಿನಿಂದ ಸಿಗುವ ಶಾಖ 25 ಕಿಲೋವ್ಯಾಟ್ ಗಂಟೆಗೆ ಸಮ, ಅಂದರೆ ಯೂನಿಟ್ಟಿಗೆ 12 ಸೆಂಟ್. ವಿದ್ಯುತ್ 20 ಸೆಂಟ್ ಇದ್ದು ಹೊರಗಿನ ಶಾಖವನ್ನು ಒಳಗೆ ತರುವ ಹೀಟ್ ಪಂಪ್ ಒಂದಕ್ಕೆ ಎರಡೂವರೆ ಪಟ್ಟು ಶಾಖ ಕೊಟ್ಟರೆ ಯೂನಿಟ್ಟಿಗೆ 8 ಸೆಂಟ್. ಕಾಂಕ್ರೀಟ್ ನೆಲಕ್ಕೆ 40 ಡಿಗ್ರಿ ಸೆಲ್ಸಿಯಸ್‌ನ ನೀರು ಸಾಕು, ಗಾಳಿಯಿಂದ ನೀರಿಗೆ ಶಾಖ ತರುವ ಹೀಟ್ ಪಂಪಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಇಷ್ಟು ಒಳ್ಳೆಯ ನೆಲವನ್ನು ಪ್ರೊಪೇನ್‌ಗೆ ಮದುವೆ ಮಾಡಿಕೊಡುವುದು ನನಗೆ ಸಂಕಟ.

ಹಳೆಯ ಪೈಪು · ಆಗಸ್ಟ್ 19

ಲೆಕ್ಕ ಸರಿ. ಮೈನಸ್ 23ರಲ್ಲಿ ಎರಡೂವರೆ ಪಟ್ಟು ಬರುವುದಿಲ್ಲ ಎಂಬುದನ್ನು ಮಾತ್ರ ಸೇರಿಸಿ. ಕರೆಂಟು ಮೂರು ದಿನ ಹೋದಾಗ ಬಾಯ್ಲರನ್ನೂ ಪಂಪುಗಳನ್ನೂ ಚಿಕ್ಕ ಜನರೇಟರ್ ನಡೆಸಬಲ್ಲದು. ಹೀಟ್ ಪಂಪಿಗೆ ಅದು ಸಾಲದು.

ಲೆಕ್ಕದ ಮೇಷ್ಟ್ರು · ಆಗಸ್ಟ್ 19

ಮೈನಸ್ 23ರ ರಾತ್ರಿಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಪ್ರೊಪೇನ್ ಬಿಲ್ಲು ಎಲ್ಲ ರಾತ್ರಿಗಳದು. ಮತ್ತೆ, ಪ್ರೊಪೇನ್ ಬೆಲೆ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಮಿನ್ನೆಸೋಟದಲ್ಲೇ 2014ರ ಜನವರಿಯಲ್ಲಿ ಏನಾಯಿತು ಎಂದು ನೀವೇ ಹೇಳಿ.

ಹಳೆಯ ಪೈಪು · ಆಗಸ್ಟ್ 20

ಅದನ್ನು ಮರೆಯುವ ಹಾಗಿಲ್ಲ. 2013ರ ಶರತ್ಕಾಲದಲ್ಲಿ ಮೆಕ್ಕೆಜೋಳದ ಬೆಳೆ ಭರ್ಜರಿ, ಆದರೆ ಒದ್ದೆ. ಕಾಳು ಒಣಗಿಸಲು ರೈತರು ಪ್ರೊಪೇನ್ ಉರಿಸಿಬಿಟ್ಟರು. ಕೆನಡಾದಿಂದ ನಮಗೆ ಪ್ರೊಪೇನ್ ತರುತ್ತಿದ್ದ ಪೈಪ್‌ಲೈನ್ ಅದೇ ಹೊತ್ತಿಗೆ ದುರಸ್ತಿಗೆಂದು ನಿಂತಿತ್ತು. ಅದರ ಹೆಸರು ಕೊಚಿನ್, ಕೇಳಿದಾಗಲೆಲ್ಲ ನನಗೆ ಕೇರಳ ನೆನಪಾಗುತ್ತದೆ. ಮೇಲೆ ಭಯಂಕರ ಚಳಿ. ಬೆಲೆ ಗ್ಯಾಲನ್‌ಗೆ 4 ಡಾಲರ್ ದಾಟಿತು, ದುಡ್ಡು ಕೊಟ್ಟರೂ ಟ್ಯಾಂಕ್ ತುಂಬಿಸಲು ಲಾರಿ ಬರುತ್ತಿರಲಿಲ್ಲ. ಆದ್ದರಿಂದ ಟ್ಯಾಂಕನ್ನು ಬೇಸಿಗೆಯಲ್ಲೇ ತುಂಬಿಸಿ. ಆದಷ್ಟೂ ಸ್ವಂತ ಟ್ಯಾಂಕ್ ಇರಲಿ. ಬಾಡಿಗೆಯದಾದರೆ ಕೊಟ್ಟ ಕಂಪನಿಯೇ ತುಂಬಿಸಬೇಕು, ಅವರು ಹೇಳಿದ್ದೇ ಬೆಲೆ.

ಕೊಲೊರಾಡೊ ಕನ್ನಡತಿ · ಆಗಸ್ಟ್ 21

ಟ್ಯಾಂಕಿನ ಮಾತು ಬಂದದ್ದರಿಂದ ಕೇಳುತ್ತೇನೆ, ನಿಮ್ಮ ಹಿತ್ತಲಿನಲ್ಲಿರುವುದು ಎಷ್ಟು ದೊಡ್ಡದು? ನಾವು ಒಲೆಗೆಂದು ಇಟ್ಟಿದ್ದ ಉದ್ದನೆಯ ಸಿಲಿಂಡರುಗಳಿಗೇ ಹೀಟರ್ ಜೋಡಿಸಿದೆವು. ಮೊದಲ ಕಡು ಚಳಿಯ ರಾತ್ರಿ, ಸಿಲಿಂಡರಿನಲ್ಲಿ ಇನ್ನೂ ಅನಿಲವಿದ್ದರೂ ಉರಿ ಸತ್ತಿತು. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ನಮ್ಮ ಚಳಿಯಲ್ಲೂ ಆವಿಯಾಗುತ್ತದೆ. ಆದರೆ ಆವಿಯಾಗಲು ಬೇಕಾದ ಶಾಖವನ್ನು ಅದು ಟ್ಯಾಂಕಿನ ಗೋಡೆಯ ಮೂಲಕ ಹೊರಗಿನ ಗಾಳಿಯಿಂದಲೇ ಎಳೆದುಕೊಳ್ಳಬೇಕು. ಗಾಳಿಯೇ ಕೊರೆಯುತ್ತಿದ್ದು, ಟ್ಯಾಂಕ್ ಚಿಕ್ಕದಾಗಿ, ಒಳಗೆ ದ್ರವವೂ ತಳ ಕಂಡಿದ್ದರೆ ಆವಿ ಸಾಕಷ್ಟು ಏಳುವುದಿಲ್ಲ. ಊರಿನ ಹೋಟೆಲುಗಳಲ್ಲಿ ದೊಡ್ಡ ಒಲೆ ಉರಿಯುವಾಗ ಸಿಲಿಂಡರಿನ ಮೈ ಬೆವರಿ ಮಂಜುಗಟ್ಟುವುದನ್ನು ನೋಡಿರಬಹುದು, ಇದೂ ಅದೇ. ಈಗ 500 ಗ್ಯಾಲನ್‌ನ ಟ್ಯಾಂಕ್ ಇದೆ. 80 ಶೇಕಡಾ ಮಾತ್ರ ತುಂಬಿಸುತ್ತಾರೆ, ಅಂದರೆ 400 ಗ್ಯಾಲನ್.

ಸಾಗರದವನು · ಆಗಸ್ಟ್ 21

120 ಗ್ಯಾಲನ್‌ನದು. ಅದೂ ಬಾಡಿಗೆಯದು. ಈ ಚರ್ಚೆ ಶುರು ಮಾಡಿದಾಗ ನನ್ನ ಖರ್ಚು 1,300 ಡಾಲರ್ ಆಗಿತ್ತು.

ಬಿಳಿಕೋಟು · ಆಗಸ್ಟ್ 22

ಯಾವ ಯಂತ್ರವಾದರೂ ಆಗಲಿ, ಉಸಿರಾಡಲು ಮನೆಯೊಳಗಿನ ಗಾಳಿಯನ್ನು ಎಳೆಯುವ ಮಾದರಿ ಬೇಡ. ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಉರಿದು ಜನ ಸತ್ತ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ಓದಿದ್ದೀರಿ. ಇಂಗಾಲದ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ಮಲಗುವ ಕೋಣೆಗಳ ಬಳಿ ಅದರ ಅಲಾರ್ಮ್ ಇರಲೇಬೇಕು. ಪ್ರೊಪೇನ್ ಸೋರಿಕೆಯದು ಬೇರೆ ಅಲಾರ್ಮ್. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲಕ್ಕೆ ಇಳಿದು ಕೂರುತ್ತದೆ. ಆ ಅಲಾರ್ಮ್ ನೆಲದ ಹತ್ತಿರ ಇರಬೇಕು, ಸೂರಿನಲ್ಲಿ ಹಾಕಿದರೆ ವ್ಯರ್ಥ.

ಹಳೆಯ ಪೈಪು · ಆಗಸ್ಟ್ 22

ಹೊರಗಿನಿಂದ ಗಾಳಿ ತಂದು ಹೊರಗೇ ಹೊಗೆ ಬಿಡುವ ಮೊಹರಾದ ಮಾದರಿಯನ್ನೇ ತೆಗೆದುಕೊಳ್ಳಿ. ಕಂಡೆನ್ಸಿಂಗ್ ಆಗಿರಲಿ. ನಿಮ್ಮ ನೆಲದಿಂದ ಮರಳುವ ನೀರು ತಣ್ಣಗಿರುವುದರಿಂದ ಹೊಗೆಯೊಳಗಿನ ನೀರಾವಿ ಯಂತ್ರದೊಳಗೇ ಹನಿಯಾಗಿ, ಆ ಶಾಖವೂ ನಿಮಗೇ ಸಿಗುತ್ತದೆ. ಹಳೆಯ ಬಗೆಯ ಯಂತ್ರದಲ್ಲಿ ಇದೇ ಹನಿ ಆಮ್ಲವಾಗಿ ಲೋಹವನ್ನು ತಿಂದುಹಾಕುತ್ತದೆ. ಕಂಡೆನ್ಸಿಂಗ್ ಯಂತ್ರದ ಹನಿಯೂ ಹುಳಿಯೇ. ಚರಂಡಿಗೆ ಬಿಡುವ ಮುನ್ನ ಸುಣ್ಣಕಲ್ಲಿನ ಚೂರುಗಳ ಡಬ್ಬಿಯ ಮೂಲಕ ಹಾಯಿಸಿ. ಹೊಗೆ ಕೊಳವೆಯ ಬಾಯಿ ಹಿಮ ಬೀಳುವ ಮಟ್ಟಕ್ಕಿಂತ ಒಂದಡಿ ಮೇಲಾದರೂ ಇರಲಿ.

ಸಾಗರದವನು · ಅಕ್ಟೋಬರ್ 29

ವರದಿ ಒಪ್ಪಿಸುತ್ತಿದ್ದೇನೆ. ಟ್ಯಾಂಕ್‌ಲೆಸ್ ಹೀಟರ್ ಕೈಬಿಟ್ಟೆ. 80,000 ಬಿಟಿಯುವಿನ ಕಂಡೆನ್ಸಿಂಗ್ ಬಾಯ್ಲರ್ ಬಂತು, ಅದು 8,000ದವರೆಗೆ ತಗ್ಗುತ್ತದೆ. ಮೂರು ವಲಯದ ಎರಡು ಥರ್ಮೋಸ್ಟಾಟ್ ಕಿತ್ತು ಇಡೀ ಮನೆಯನ್ನು ಒಂದೇ ವಲಯ ಮಾಡಿದೆ, ಅಮ್ಮ ಇರುವ ಕೋಣೆಯ ಸುತ್ತೊಂದನ್ನು ಬಿಟ್ಟು. ಆ ಕೋಣೆಯ ನೆಲಕ್ಕೆ ಸೆನ್ಸರ್ ಇಟ್ಟು 28 ಡಿಗ್ರಿಯ ಮಿತಿ ಹಾಕಿದ್ದೇನೆ. ಬಫರ್ ಟ್ಯಾಂಕ್ ಇಲ್ಲ. ಸ್ನಾನಕ್ಕೆ ಬೇರೆ ಟ್ಯಾಂಕ್, ಅದರ ಒಳಗೆ ಸುರುಳಿ, ನೀರು ಬೆರೆಯುವುದಿಲ್ಲ. ಪೈಪು ಕೆಲಸ ನಾನೇ ಮಾಡಿದೆ. ಅನಿಲ, ಹೊಗೆ ಕೊಳವೆ ಎರಡಕ್ಕೂ ಪರವಾನಗಿ ಇರುವವರನ್ನು ಕರೆಸಿದೆ. ಟ್ಯಾಂಕ್ ಸ್ವಂತದ್ದು, 500 ಗ್ಯಾಲನ್. ಎಲ್ಲ ಸೇರಿ 9,200 ಡಾಲರ್.

ಲೆಕ್ಕದ ಮೇಷ್ಟ್ರು · ಅಕ್ಟೋಬರ್ 29

ಮನಸ್ಸಿಗೆ ನೋವಾಯಿತು. ಪೈಪು ಹೇಗೂ ಹೀಟ್ ಪಂಪಿಗೂ ಒಗ್ಗುತ್ತದೆ, ಹತ್ತು ವರ್ಷ ಬಿಟ್ಟು ಮತ್ತೆ ಬರುತ್ತೇನೆ.

ಅರ್ಧರಾತ್ರಿ ರಿಪೇರಿ · ಅಕ್ಟೋಬರ್ 30

ಒಂದೇ ವಲಯ ಮಾಡಿದ ಮೇಲೆ ನನ್ನ ಹೀಟರೇ ಸಾಕಾಗುತ್ತಿತ್ತಲ್ಲ!

ಸಾಗರದವನು · ಜನವರಿ 17

ತುರ್ತು. ಎರಡು ದಿನಗಳಿಂದ ಅಮ್ಮನ ಕೋಣೆ ಮಾತ್ರ ತಣ್ಣಗಿದೆ, ರಾತ್ರಿ 16 ಡಿಗ್ರಿಗೆ ಇಳಿಯುತ್ತದೆ. ಉಳಿದ ಮನೆ ಬೆಚ್ಚಗಿದೆ. ಹೊಗೆ ಕೊಳವೆಯ ಬಾಯಿಯ ಹಿಮ ಕೆರೆದೆ. ಗಾಳಿ ಸಿಕ್ಕಿಕೊಂಡಿರಬಹುದೆಂದು ಆ ಸುತ್ತಿನ ಗಾಳಿ ಬಿಟ್ಟೆ. ಒತ್ತಡ 15 ಪಿಎಸ್‌ಐ, ಸರಿಯಾಗಿದೆ. ಆ ಸುತ್ತಿನ ವಾಲ್ವ್ ತೆರೆಯುತ್ತಲೇ ಇಲ್ಲ. ಬದಲಿಸಲೇ?

ಹಳೆಯ ಪೈಪು · ಜನವರಿ 17

ವಾಲ್ವ್ ಬಿಚ್ಚಬೇಡಿ. ಕಂಟ್ರೋಲರಿನಲ್ಲಿ ನೆಲದ ಸೆನ್ಸರ್ ಎಷ್ಟು ತೋರಿಸುತ್ತಿದೆ?

ಸಾಗರದವನು · ಜನವರಿ 17

29.5. ಕೋಣೆಯ ಗಾಳಿ 17. ಸೆನ್ಸರ್ ಕೆಟ್ಟಿದೆ ಎಂದಾಯಿತು.

ಹಳೆಯ ಪೈಪು · ಜನವರಿ 17

ಸೆನ್ಸರ್ ನಿಜ ಹೇಳುತ್ತಿರಬಹುದು. ಅದು ಹೂತಿರುವ ಜಾಗದ ಮೇಲೆ ಏನಿದೆ? ದಪ್ಪ ರಗ್ಗು, ಹಾಸಿಗೆ, ಸೂಟ್‌ಕೇಸ್? ಹೊದಿಸಿದ ನೆಲದಿಂದ ಶಾಖ ಹೊರಬರಲಾರದೆ ಅಲ್ಲೇ ಏರುತ್ತದೆ. ಮಿತಿ ದಾಟಿತೆಂದು ಕಂಟ್ರೋಲರ್ ಆ ಸುತ್ತನ್ನು ಮುಚ್ಚುತ್ತದೆ.

ಸಾಗರದವನು · ಜನವರಿ 17

ಹೋಗಿ ನೋಡಿ ಬಂದೆ. ಮಂಚದ ಪಕ್ಕ, ಸೆನ್ಸರಿನ ನೆತ್ತಿಯ ಮೇಲೆಯೇ, ಎರಡು ಕಂಬಳಿ ಸುತ್ತಿದ ದೋಸೆ ಹಿಟ್ಟಿನ ಪಾತ್ರೆ. ಈ ಊರಿನಲ್ಲಿ ಹಿಟ್ಟು ಹುಳಿ ಬರುವುದೇ ಇಲ್ಲವೆಂದು ನವೆಂಬರ್‌ನಿಂದ ಗೊಣಗುತ್ತಿದ್ದರು, ಮೊನ್ನೆಯಿಂದ ಆ ಮಾತು ನಿಂತಿತ್ತು. ನಾನು ಗಮನಿಸಿರಲಿಲ್ಲ. ಪಾತ್ರೆ ಸರಿಸಿ ಒಂದು ಗಂಟೆಯಾಯಿತು, ವಾಲ್ವ್ ತೆರೆದಿದೆ.

ಹಂಡೆ ಒಲೆ · ಜನವರಿ 18

ಹಿಟ್ಟು ಉಬ್ಬಿತ್ತೇ?

ಸಾಗರದವನು · ಜನವರಿ 18

ಮುಚ್ಚಳ ಎತ್ತಿ ಹಾಕಿತ್ತು. ಈಗ ಪಾತ್ರೆಗೆ ಮ್ಯಾನಿಫೋಲ್ಡ್ ಪಕ್ಕದ ಗೂಡಿನಲ್ಲಿ ಜಾಗ ಮಾಡಿಕೊಟ್ಟಿದ್ದೇನೆ, ನೀರು ಮೊದಲು ಹೊರಡುವುದೇ ಅಲ್ಲಿಂದ. ಅಲ್ಲಿ ಸೆನ್ಸರ್ ಇಲ್ಲ.